ಕೋಲಿಗೆ ಕೇಳಿಸಿದ ಓಣಿ

ನನ್ನ ತಂಗಿಯ ಮೊಮ್ಮಗಳು ಈಚೆಗೆ ನೀರು ಸರಬರಾಜಿನ ಕೆಲಸಕ್ಕೆ ಇಂಜಿನಿಯರ್ ಆಗಿ ಸೇರಿದಳು. ಆರ್ಡರು ಬಂದ ದಿನ ಸ್ವೀಟು ಹಿಡಿದುಕೊಂಡು ಬಂದವಳು ನನ್ನ ಕಿವಿಯ ಹತ್ತಿರ ಬಾಯಿಟ್ಟು, "ತಾತ, ನಿಮ್ಮ ಕಾಲದಲ್ಲಿ ಪೈಪು ಎಲ್ಲಿ ಸೋರ್ತಾ ಇದೆ ಅಂತ ಹೆಂಗೆ ಕಂಡುಹಿಡೀತಿದ್ರಿ?" ಅಂತ ಕೂಗಿದಳು. "ಕೇಳಿಸ್ಕೊಂಡು" ಅಂದೆ. ಕಿವುಡು ತಾತನ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲಿ. ಅವಳಿಗೂ ಅವಳ ಜೊತೆ ಸೇರಿರುವ ಮಕ್ಕಳಿಗೂ ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಹಾರ ಹಾಕಿದರು ಅನ್ನುವುದೆಲ್ಲ ಇದರಲ್ಲಿ ಇಲ್ಲ. ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ನನ್ನ ಹೆಸರು ಪಿಳ್ಳಪ್ಪ, ಊರು ಬಾಣಸವಾಡಿ. ಅಪ್ಪ ತೋಟದವರು. ಸೊಪ್ಪು, ಮೂಲಂಗಿ ಬೆಳೆದು ತಲೆಯ ಮೇಲೆ ಹೊತ್ತು ದಂಡಿಗೆ ಒಯ್ದು ಮಾರುತ್ತಿದ್ದರು. ದಂಡು ಅಂದರೆ ಕಂಟೋನ್ಮೆಂಟು. ಈಗಿನ ಶಿವಾಜಿನಗರವನ್ನು ಆಗ ಬ್ಲಾಕ್‌ಪಲ್ಲಿ ಅನ್ನುತ್ತಿದ್ದರು. ಈಗಿನ ಇಂದಿರಾನಗರದಲ್ಲಿ ರಾಗಿ ಹೊಲವೂ ನರಿಗಳೂ ಇದ್ದವು. ನಾನು ಇಂಗ್ಲಿಷ್ ನಾಲ್ಕಕ್ಷರ ಕಲಿತು, ಕೈಗೆ ಮಣ್ಣು ಹತ್ತದ ಕೆಲಸವೇ ಬೇಕು ಅಂತ ಹಟ ಹಿಡಿದು ದಂಡಿನ ನೀರಿನ ಆಫೀಸಿಗೆ ಸೇರಿದೆ. ಸೇರಿದ ದಿನದಿಂದ ನಿವೃತ್ತಿಯ ತನಕ ಮಣ್ಣಿನಲ್ಲೇ ಮಂಡಿಯೂರಿ ಕೂತೆ. ಹಣೆಬರಹಕ್ಕೆ ಹೊಣೆ ಯಾರು!

ಕೆಲಸ ಅಂದರೆ ಇಷ್ಟು. ನೆಲದಡಿಯ ಪೈಪು ಎಲ್ಲಾದರೂ ಸೋರಿದರೆ ಅಲ್ಲಿಂದ ಸಣ್ಣಗೆ ಸುಯ್ಯೆಂದು ಸದ್ದು ಬರುತ್ತದೆ. ಬರಿಗಿವಿಗೆ ಅದು ಕೇಳಿಸುವುದಿಲ್ಲ. ಎದೆಯೆತ್ತರದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ನೆಲಕ್ಕೋ ವಾಲ್ವಿಗೋ ಊರಿ, ಇನ್ನೊಂದು ತುದಿಯಲ್ಲಿರುವ ಮರದ ಬಟ್ಟಲಿಗೆ ಕಿವಿ ಕೊಡಬೇಕು. ಆಗ ಅದು ಪಕ್ಕದಲ್ಲೇ ಯಾರೋ ಉಸಿರು ಬಿಟ್ಟ ಹಾಗೆ ಕೇಳಿಸುತ್ತದೆ. ನಾವು ಅದನ್ನು ಕೋಲು ಅಂತಲೇ ಕರೆಯುತ್ತಿದ್ದೆವು. ಕೋಲು ಹಿಡಿದು ಹೆಜ್ಜೆ ಹೆಜ್ಜೆಗೂ ಬಗ್ಗುತ್ತ ಬೀದಿ ಉದ್ದಕ್ಕೂ ನಡೆಯುವವರನ್ನು ನೋಡಿ ಜನ, ಇವರೇನು ನೆಲಕ್ಕೆ ಜ್ವರ ನೋಡುತ್ತಾರಾ ಅಂತ ಕೇಳುತ್ತಿದ್ದರು.

ಈ ವಿದ್ಯೆ ಕಲಿಸಿದವರು ನಮ್ಮ ಓವರ್‌ಸಿಯರ್ ಅರುಳಪ್ಪನವರು. ಹಲಸೂರಿನವರು, ತಮಿಳು ಕ್ರಿಶ್ಚಿಯನ್ನರು. ಆಜಾನುಬಾಹು, ಖಾಕಿ ಚಡ್ಡಿ, ತಲೆಗೆ ಬೆಂಡಿನ ಟೋಪಿ. ಮೊದಲನೇ ಮಹಾಯುದ್ಧದಲ್ಲಿ ಫಿರಂಗಿಯ ಪಕ್ಕ ನಿಂತು ನಿಂತು ಎರಡೂ ಕಿವಿ ಹೋಗಿದ್ದವು. ಕಿವಿಯಿಲ್ಲದವರು ಕೇಳುವ ಕೆಲಸ ಹೇಗೆ ಮಾಡುತ್ತಾರೆ ಅಂದಿರಾ? ಟೋಪಿ ತೆಗೆದು ನನ್ನ ಕೈಗೆ ಕೊಡುವರು, ಕೋಲನ್ನು ಕರ್ಚೀಫಿನಿಂದ ಒರೆಸುವರು, ಆಮೇಲೆ ಅದರ ಮರದ ಬಟ್ಟಲಿನ ಅಂಚನ್ನು ಕಬ್ಬು ಕಚ್ಚಿದ ಹಾಗೆ ಹಲ್ಲಿನಲ್ಲಿ ಕಚ್ಚಿ ಹಿಡಿದು ಕಣ್ಣು ಮುಚ್ಚುವರು. ಸದ್ದು ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಯೊಳಕ್ಕೆ ಇಳಿಯುತ್ತಿತ್ತಂತೆ. ನಾನೂ ಒಂದು ಸಲ ಕಚ್ಚಿ ನೋಡಿದೆ. ಹಳೇ ಮರದ ರುಚಿ ಬಿಟ್ಟರೆ ಏನೂ ಗೊತ್ತಾಗಲಿಲ್ಲ.

"ಕಿವಿ ಯಾಮಾರುತ್ತಪ್ಪಾ, ಹಲ್ಲು ಯಾಮಾರಲ್ಲ" ಅಂತ ಅವರು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಅವರ ಗುಟ್ಟೂ ಕೂಗೂ ಒಂದೇ ಸ್ವರ.

ಕೇಳುವುದಕ್ಕೆ ಸುತ್ತ ಸದ್ದು ಇರಬಾರದು. ಬೇರೆ ತಂಡದವರು ಊರು ಮಲಗಿದ ಮೇಲೆ ಹೊರಡುತ್ತಿದ್ದರು. ಅರುಳಪ್ಪನವರಿಗೆ ನಿದ್ದೆ ಕೆಡುವುದು ಆಗುತ್ತಿರಲಿಲ್ಲ. ಅವರ ಹೊತ್ತು ಮಧ್ಯಾಹ್ನ ಊಟವಾದ ಮೇಲಿನ ಹೊತ್ತು. ಆಗ ದಂಡಿಗೆ ದಂಡೇ ತೂಕಡಿಸುತ್ತಿತ್ತು. ಜಟಕಾ ಕುದುರೆಗಳೂ ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದವು.

ಆಫೀಸಿನ ಗೋಡೆಯ ಮೇಲೆ ಬಟ್ಟೆಗೆ ಅಂಟಿಸಿದ ಒಂದು ದೊಡ್ಡ ಪ್ಲಾನು ಇತ್ತು. ಅದರಲ್ಲಿ ಪೆರೇಡ್ ಮೈದಾನ, ಚರ್ಚುಗಳು, ಬಂಗಲೆಗಳು, ಬಂಗಲೆಯ ಕುದುರೆ ಲಾಯಗಳು ಕೂಡ ಇದ್ದವು. ಆ ಲಾಯದ ಹಿಂದೆ ವಾಸವಿದ್ದ ಮನುಷ್ಯರು ಇರಲಿಲ್ಲ. ಪೈಪಿನ ಜಾಡು ಹಿಡಿದು ಹೊರಟರೆ ಪ್ಲಾನಿನಲ್ಲಿ ಇಲ್ಲದ ಕೇರಿಗಳು ಒಂದೊಂದಾಗಿ ಎದುರಾಗುತ್ತಿದ್ದವು. ಬಂಗಲೆಯೊಂದರ ಹಿತ್ತಿಲ ಗೋಡೆಯ ಆಚೆ ಬಟ್ಲರುಗಳದೇ ಒಂದು ಬೀದಿ. ಅಲ್ಲಿ ಮನೆ ಮನೆಗೂ ದೊರೆಗಳ ಮನೆಯ ಒಡಕು ಪಿಂಗಾಣಿಯಲ್ಲಿ ತುಳಸಿ ನೆಟ್ಟಿದ್ದರು. ಹಲಸೂರಿನ ಕೆರೆಯ ಹಿಂದೆ ಬುಟ್ಟಿಗಟ್ಟಲೆ ಕನಕಾಂಬರ ಕಟ್ಟುವವರ ಮನೆಗಳ ಸಾಲು. ಹತ್ತಿರ ಹೋಗುವ ಮೊದಲು ಹೂವಿನ ವಾಸನೆಯಲ್ಲ, ಒದ್ದೆ ಬಾಳೆನಾರಿನ ವಾಸನೆ ಬರುತ್ತಿತ್ತು.

ಲಿಂಗರಾಜಪುರದ ಕಡೆ ಒಂದು ಬೇಸಗೆಯಲ್ಲಿ ಸುತ್ತೆಲ್ಲ ನೆಲ ಬಿರಿದಿದ್ದಾಗ ಒಂದು ಕಡೆ ಮಾತ್ರ ಕೊತ್ತಂಬರಿ ನಳನಳಿಸುತ್ತಿತ್ತು. ಕೋಲು ಊರಿದೆ, ಕೆಳಗೆ ಸುಯ್ಯೆನ್ನುತ್ತಿತ್ತು. ಅಗೆದು ಸರಿಮಾಡಿದೆವು. ಹದಿನೈದು ದಿನ ಕಳೆದು ಆ ಕಡೆ ಹೋದರೆ ಕೊತ್ತಂಬರಿ ಒಣಗಿ ನಿಂತಿತ್ತು. ಅದನ್ನು ಬೆಳೆದಿದ್ದ ಮುದುಕಿ ನನ್ನನ್ನು ಕಂಡವಳೇ, "ನಿನ್ ಕೋಲು ಮುರಿದೋಗ, ದೇವ್ರು ಕೊಟ್ಟಿದ್ ನೀರ್ನ ಮುಚ್ಬಿಟ್ಯಲ್ಲೋ" ಅಂತ ಮಣ್ಣು ತೂರಿದಳು. ಕೆಲಸ ಸರಿಯಾಗಿ ಮಾಡಿಯೂ ಶಾಪ ತಿನ್ನಬಹುದು ಅಂತ ಅವತ್ತು ತಿಳಿಯಿತು. ಆಮೇಲೆ ಕೋಲು ಊರುವ ಮೊದಲು ಸುತ್ತಮುತ್ತ ಯಾರಿದ್ದಾರೆ ಅಂತ ನೋಡುವುದು ನನಗೆ ಅಭ್ಯಾಸವಾಯಿತು.

ಇನ್ನು ನನ್ನ ದೊಡ್ಡ ಎಡವಟ್ಟಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಇದನ್ನು ಎಷ್ಟು ಸಲ ಹೇಳಿ ನಗಾಡಿದ್ದಾರೋ ಲೆಕ್ಕವಿಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಬೆಂಗಳೂರಿಗೆ ಸಿಪಾಯಿಗಳು ಬಂದು ಬಂದು ಬೀಳುತ್ತಿದ್ದರು, ಎಲ್ಲಿ ನೋಡಿದರೂ ಡೇರೆ. ಅವರಿಗೆಲ್ಲ ನೀರು ಬೇಕು, ಆದರೆ ಹೊಸ ಪೈಪಿಗೆ ಕಬ್ಬಿಣ ಸಿಗುತ್ತಿರಲಿಲ್ಲ. ಹಾಗಾಗಿ ದೊಡ್ಡ ಇಂಜಿನಿಯರ್ ದೊರೆ ಒಂದು ಹುಕುಂ ಹೊರಡಿಸಿದರು. ಹಳೆಯ ಲೈನುಗಳನ್ನೆಲ್ಲ ಪರೀಕ್ಷೆ ಮಾಡಿ. ಗಟ್ಟಿಯಿದ್ದರೆ ಹಾಗೇ ಬಿಡಿ. ಸೋರುತ್ತಿದ್ದರೆ ಆ ಉದ್ದಕ್ಕೂ ಅಗೆದು ಕೀಳಿ, ಮೇಲೆ ಗುಡಿಸಲು ಗೂಡಂಗಡಿ ಏನಿದ್ದರೂ ತೆಗೆಸಿ.

ರಸೆಲ್ ಮಾರ್ಕೆಟ್ಟಿನ ಹಿಂದಿನ ರಸ್ತೆ ನನ್ನ ಪಾಲಿಗೆ ಬಂತು. ಅರುಳಪ್ಪನವರು ಬೇರೆಡೆ ಇದ್ದರು, ನಾನೊಬ್ಬನೇ. ಮಧ್ಯಾಹ್ನ ಕೋಲು ಊರಿ ಕಿವಿ ಕೊಟ್ಟರೆ, ಒಳಗೆ ಗರ್ರ್ ಅಂತ ಒಂದೇ ಸಮನೆ ಸದ್ದು. ಇಷ್ಟು ದಪ್ಪ ಸದ್ದು ನಾನು ಕೇಳಿಯೇ ಇರಲಿಲ್ಲ. ಪೈಪು ಒಡೆದೇ ಹೋಗಿರಬೇಕು, ನನ್ನ ಹೆಸರು ದೊರೆಯ ಕಿವಿಯ ತನಕ ಹೋಗುತ್ತದೆ ಅಂತ ಹಿಗ್ಗಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೂಲಿಯವರನ್ನು ಕರೆಸಿ ಅಗೆಸಿದೆ. ಮೊಣಕಾಲುದ್ದ ಆಯಿತು, ಸೊಂಟದುದ್ದ ಆಯಿತು, ಪೈಪೂ ಕಂಡಿತು. ಮಣ್ಣು ಮಾತ್ರ ಬಾಣಲೆಯಲ್ಲಿ ಹುರಿದ ರವೆಯ ಹಾಗೆ ಒಣಗಿತ್ತು.

ಅಷ್ಟು ಹೊತ್ತಿಗೆ ಮಾರ್ಕೆಟ್ಟಿಗೆ ಎಚ್ಚರವಾಗಿ ಜನ ಸುತ್ತುಗಟ್ಟಿದ್ದರು. ಮಾಂಸದಂಗಡಿಯ ಸಾಬರೊಬ್ಬರು, "ಕ್ಯಾ ಭಾಯ್, ನಿಧಿ ಏನಾದ್ರು ಸಿಕ್ತಾ? ನಮಗೂ ಒಂದ್ ಪಾಲು ಇಡಿ" ಅಂದರು. ಗುಂಪಿನ ಮುಂದೆ ಒಬ್ಬ ಹುಡುಗಿ ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ನಿಂತಿದ್ದಳು. ಹಳ್ಳವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ನೀರು ಸಿಕ್ತಾ?" ಅಂದಳು.

ಕೊಡದಿಂದ ನೀರು ತುಳುಕಿ ಅವಳ ಸೀರೆ ಒದ್ದೆಯಾಗಿತ್ತು. ನಾನು ನಿಂತಿದ್ದ ಹಳ್ಳದಲ್ಲಿ ಒಂದು ಹನಿಯೂ ಇರಲಿಲ್ಲ.

ಸುದ್ದಿ ತಿಳಿದು ಅರುಳಪ್ಪನವರು ಸೈಕಲ್ಲಿನಲ್ಲಿ ಬಂದರು. ಬೈಯಲಿಲ್ಲ. ಟೋಪಿ ನನ್ನ ಕೈಗೆ ಕೊಟ್ಟು, ಪೈಪಿಗೆ ಕೋಲು ಊರಿ ಕಚ್ಚಿದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದವರ ಮೀಸೆಯಡಿಯಲ್ಲಿ ನಗೆ ಮೂಡಿತು.

"ಡೇ ಪಿಳ್ಳಪ್ಪಾ, ನೀರಿನ ಸದ್ದು ನಿಲ್ಲಲ್ಲ. ಇದು ನಿಲ್ತಾ ಇದೆ ನೋಡು. ತಿರುಗುತ್ತೆ, ನಿಲ್ಲುತ್ತೆ, ಮತ್ತೆ ತಿರುಗುತ್ತೆ. ನಿಂತಾಗ ಯಾರೋ ಕೈಯಲ್ಲಿ ಹಿಟ್ಟು ಒಳಕ್ಕೆ ತಳ್ತಿದ್ದಾರೆ. ನಿನಗೆ ಸಿಕ್ಕಿದ್ದು ಉದ್ದಿನಬೇಳೆ!" ಅಂತ ಕೂಗಿದರು. ಇಡೀ ಮಾರ್ಕೆಟ್ಟು ನಕ್ಕಿತು.

ಆದರೆ ಎಲ್ಲಿ ರುಬ್ಬುತ್ತಿದ್ದಾರೆ? ಪ್ಲಾನಿನ ಪ್ರಕಾರ ಪೈಪು ಆ ರಸ್ತೆ ಬಿಟ್ಟು ಒಂದು ಖಾಲಿ ಬಯಲಿನ ಅಡಿ ಹೋಗುತ್ತಿತ್ತು. ನಮ್ಮ ಕಣ್ಣಿಗೆ ಬಯಲು ಕಾಣಲಿಲ್ಲ, ಒಂದಕ್ಕೊಂದು ಅಂಟಿಕೊಂಡ ಅಂಗಡಿಗಳಷ್ಟೇ ಕಂಡವು. ಅಷ್ಟರಲ್ಲಿ ಕೊಡದ ಹುಡುಗಿ ಒಂದು ಬಿದಿರು ಬುಟ್ಟಿಯ ಅಂಗಡಿಯೊಳಗೆ ಹೋದಳು. ಹೋದವಳು ಹೊರಗೆ ಬರಲಿಲ್ಲ. ನಾವೂ ಹಿಂದೆಯೇ ಹೋದೆವು. ಬುಟ್ಟಿಗಳ ರಾಶಿಯ ಸಂದಿಯಲ್ಲಿ ಓರೆಯಾಗಿ ನುಸುಳಿದರೆ ಹಿಂಬದಿಯಲ್ಲಿ ಒಂದು ಓಣಿ ತೆರೆದುಕೊಂಡಿತು.

ನಾಡಹೆಂಚಿನ ಪುಟ್ಟ ಪುಟ್ಟ ಮನೆಗಳು, ಅಂಗಳದಲ್ಲಿ ಮೇಕೆ, ಹಗ್ಗದ ಮೇಲೆ ಇಡ್ಲಿ ಬಟ್ಟೆಗಳು ಒಣಗುತ್ತಿದ್ದವು. ಪ್ರತಿ ಮನೆಯ ಬಾಗಿಲಲ್ಲೂ ನೆಲಕ್ಕೆ ಹೂತ ಒರಳುಕಲ್ಲು, ಪ್ರತಿ ಕಲ್ಲಿನ ಮುಂದೆಯೂ ಒಬ್ಬ ಹೆಂಗಸು. ರಾತ್ರಿಗೆ ಹುಳಿ ಬರಲಿ ಅಂತ ಮಧ್ಯಾಹ್ನವೇ ಹಿಟ್ಟು ರುಬ್ಬುತ್ತಿದ್ದರು. ಮಾರ್ಕೆಟ್ಟಿನ ಹಮಾಲಿಗಳಿಗೆ, ಜಟಕಾದವರಿಗೆ, ಮಾಂಸದಂಗಡಿಯವರಿಗೆ ಬೆಳಗಿನ ಇಡ್ಲಿ ಈ ಓಣಿಯಿಂದಲೇ ಹೋಗುತ್ತಿತ್ತು. ನಾನೂ ಎಷ್ಟೋ ದಿನ ಆ ಇಡ್ಲಿ ತಿಂದಿದ್ದೆ, ಎಲ್ಲಿಂದ ಬರುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡವರು ಅಲ್ಲೇ ನಿಂತುಬಿಟ್ಟಿದ್ದರು. ಕೆಳಗೆ ಪೈಪಿದೆ ಅಂತ ಅವರಿಗೆ ಗೊತ್ತಿರಲಿಲ್ಲ, ಮೇಲೆ ಮನೆಗಳಿವೆ ಅಂತ ನಮಗೆ ಗೊತ್ತಿರಲಿಲ್ಲ. ಕೊಡದ ಹುಡುಗಿಯ ಹೆಸರು ರಾಜಮ್ಮ. ಅವಳ ತಾಯಿ ಚಿನ್ನಮ್ಮ ಓಣಿಗೆ ಹಿರಿಯರು. ಅವರೂ ನಮ್ಮ ಹಾಗೆ ತೋಟದ ಕಡೆಯವರೇ. ಗಂಡ ತೀರಿಕೊಂಡ ಮೇಲೆ ಆ ಕಲ್ಲೊಂದನ್ನೇ ನಂಬಿ ಮಗಳನ್ನು ಸಾಕಿದ್ದರು. ಅರುಳಪ್ಪನವರು ಹುಕುಮಿನ ವಿಷಯ ತಿಳಿಸಿದಾಗ ಚಿನ್ನಮ್ಮ ಹಿಟ್ಟಿನ ಕೈಯನ್ನು ಹಾಗೇ ನೆಲದ ಮೇಲೆ ಊರಿದರು.

"ನಮ್ ಕಾಲ್ ಕೆಳಗೇ ನೀರು ಹರೀತಾ ಇದ್ಯಾ ಸ್ವಾಮಿ? ನಾನು ಮದ್ವೆಯಾಗಿ ಬಂದಾಗಿಂದ ಮಾರ್ಕೆಟ್ ನಲ್ಲಿಯಿಂದ ಹೊತ್ತಿದೀನಿ. ಈಗ ಆ ನೀರಿಗೋಸ್ಕರ ನಮ್ಮನ್ನೇ ಎಬ್ಬಿಸ್ತೀರಾ? ಮಾರ್ಕೆಟ್ ಬಿಟ್ಟು ಹೋದ್ರೆ ಯಾರಿಗೆ ಇಡ್ಲಿ ಬೇಯಿಸ್ಲಿ?"

ಎದುರು ಮನೆಯ ಜೈತೂನ್‌ಬೀ ಅನ್ನುವ ಮುದುಕಿ ಮೇಕೆಯ ಹಗ್ಗ ಹಿಡಿದು ನಿಂತಿದ್ದವರು, "ಅರೇ ಬೇಟಾ, ಹೊಡೆದೋರೂ ನೀವೇ, ಔಷಧಿನೂ ನೀವೇ ಹೇಳ್ಬೇಕು" ಅಂದರು.

ಅರುಳಪ್ಪನವರಿಗೆ ಈ ಮಾತು ಅರ್ಧ ಕೇಳಿಸಿತೋ ಇಲ್ಲವೋ, ಹೆಂಗಸರ ಮುಖಗಳು ಚೆನ್ನಾಗಿಯೇ ಅರ್ಥವಾದವು. ಲೈನು ಗಟ್ಟಿಯಿದ್ದರೆ ಯಾರೂ ಮುಟ್ಟುವ ಹಾಗಿಲ್ಲ, ಅದು ಹುಕುಮಿನಲ್ಲೇ ಇದೆ ಅಂದರು. ದೊರೆ ಪರೀಕ್ಷೆಗೆ ಬರುವ ಮೊದಲು ನಾವೇ ಕೇಳಿ ನೋಡೋಣ, ಏನಾದರೂ ಇದ್ದರೆ ಸರಿಮಾಡಲು ಸಮಯವಿರುತ್ತದೆ. ಆದರೆ ಕಲ್ಲುಗಳು ತಿರುಗುತ್ತಿದ್ದರೆ ಏನೂ ಕೇಳಿಸದು. ಒಂದು ಮಧ್ಯಾಹ್ನ ಇಡೀ ಓಣಿ ಸುಮ್ಮನಿರಬೇಕು.

ಕಲ್ಲು ನಿಂತರೆ ಮಾರನೆಯ ದಿನ ಇಡ್ಲಿ ಇಲ್ಲ. ಆದರೂ ಒಪ್ಪಿದರು. ಮುಂದಿನ ಕೆಲವು ದಿನ ಪೈಪಿನ ಜಾಡು ಅಳೆದು ಗುರುತು ಹಾಕಲು ನಾನು ದಿನಾ ಓಣಿಗೆ ಹೋಗುತ್ತಿದ್ದೆ. ಅಳತೆಗೆ ಅಷ್ಟು ದಿನ ಬೇಕಾಗಿರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ರಾಜಮ್ಮನ ಮೇಲೆ ನನಗೆ ಮನಸ್ಸಾಗಿತ್ತು. ಒಂದು ದಿನ ಧೈರ್ಯ ಮಾಡಿ ಅವಳ ಕೊಡ ನಾನು ಹೊರುತ್ತೇನೆ ಅಂದೆ. ಬುಟ್ಟಿ ಅಂಗಡಿಯ ಸಂದಿಯಲ್ಲಿ ಓರೆಯಾಗಲು ಬಾರದೆ ಅರ್ಧ ನೀರು ಬುಟ್ಟಿಗಳಿಗೆ ಕುಡಿಸಿದೆ. "ನೀರಿನ ಆಫೀಸ್ನೋರು ನೀರು ಹೊರೋ ಚೆಂದ ನೋಡಿ" ಅಂತ ಅವಳು ನಕ್ಕಳು. ಆ ನಗುವಿಗೆ ಇನ್ನೊಂದು ಕೊಡ ಚೆಲ್ಲಬಹುದಿತ್ತು.

ಗೊತ್ತು ಮಾಡಿದ ಮಧ್ಯಾಹ್ನ ಬಂತು. ಅಂಥ ಮೌನವನ್ನು ನಾನು ಮತ್ತೆಂದೂ ಕೇಳಿಲ್ಲ. ಜೈತೂನ್‌ಬೀ ತಮ್ಮ ಮೇಕೆಯನ್ನು ಹಲಸೂರಿನ ತಮ್ಮನ ಮನೆಗೆ ಕಳಿಸಿದ್ದರು. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದ್ದರು. ಹಸುಗೂಸುಗಳಿಗೆ ಎದೆಹಾಲು ಕೊಡುತ್ತ ತಾಯಂದಿರು ಗೋಡೆಗೊರಗಿ ಕೂತಿದ್ದರು. ಬುಟ್ಟಿ ಅಂಗಡಿಯವನು ಬಿದಿರು ಸೀಳುವುದು ನಿಲ್ಲಿಸಿ ಬಾಗಿಲಲ್ಲಿ ಕಾವಲು ನಿಂತಿದ್ದ. ಒರಳುಗಳು ತೊಳೆದು ಖಾಲಿಯಾಗಿದ್ದವು. ನಾನು ಕಿವಿಯಲ್ಲಿ, ಅರುಳಪ್ಪನವರು ಹಲ್ಲಿನಲ್ಲಿ, ಮನೆಯಿಂದ ಮನೆಗೆ ಬರಿಗಾಲಲ್ಲಿ ನಡೆದೆವು. ಒಂದು ಮನೆ ಮುಗಿದು ಅವರು ಸೋರಿಕೆ ಇಲ್ಲ ಅಂತ ತಲೆಯಾಡಿಸಿದರೆ ಆ ಮನೆಯವರು ಸದ್ದಿಲ್ಲದೆ ಕೈಮುಗಿಯುತ್ತಿದ್ದರು.

ಕೊನೆಯದು ಚಿನ್ನಮ್ಮನ ಮನೆ. ಅವರ ಒರಳುಕಲ್ಲಿನ ಪಕ್ಕ ಕೋಲು ಊರಿದೆ. ಸುಯ್ಯ್ ಅಂತು. ತಪ್ಪು ಕೇಳಿಸಿರಲಿ ದೇವರೇ ಅಂದುಕೊಂಡೆ. ಅರುಳಪ್ಪನವರು ಕಚ್ಚಿ ನೋಡಿದರು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಕೋಲು ತೆಗೆದು, ಜೀವನದಲ್ಲಿ ಮೊದಲ ಸಲವೋ ಏನೋ, ಮೆಲ್ಲಗೆ ಮಾತಾಡಿದರು. "ಇದೆ."

ಕಲ್ಲು ಕೂತಿದ್ದದ್ದು ಎರಡು ಪೈಪು ಕೂಡುವ ಜಾಗದ ನೆತ್ತಿಯ ಮೇಲೆ. ಅಲ್ಲಿ ಸೆಣಬು ತುರುಕಿ ಸೀಸ ಕರಗಿಸಿ ಹೊಯ್ದಿರುತ್ತಾರೆ. ವರ್ಷಗಟ್ಟಲೆ ಒರಳಿನ ಗುಂಡು ತಿರುಗಿ ತಿರುಗಿ ಆ ಸೀಸ ಸಡಿಲವಾಗಿತ್ತು. ಕಲ್ಲು ಎತ್ತಿ ಕೆಳಗೆ ಅಗೆದು ಹೊಸದಾಗಿ ಸೀಸ ಹೊಯ್ದರೆ ಒಂದು ದಿನದ ಕೆಲಸ. ಓಣಿ ಉಳಿಯುತ್ತದೆ. ಕಲ್ಲನ್ನು ಮಾತ್ರ ಮತ್ತೆ ಅಲ್ಲಿ ಕೂರಿಸುವ ಹಾಗಿಲ್ಲ. ನಾನು ಇದನ್ನು ಖುಷಿಯಿಂದಲೇ ಹೇಳಿದೆ. ಚಿನ್ನಮ್ಮ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟರು.

"ಇದು ನಮ್ಮತ್ತೆ ಕೂರಿಸಿದ ಒಳಕಲ್ಲು. ಎತ್ತಿದ ಕಲ್ಲು ಅದೇ ಮನೇಲಿ ಮತ್ತೆ ಎಲ್ಲೂ ಕೂರಲ್ಲ. ನಮ್ಮ ಓಣೀಲಿ ಕಲ್ಲು ಹೊಸ್ತಿಲು ದಾಟೋದು ಮಗಳು ಗಂಡನ ಮನೆಗೆ ಹೋಗುವಾಗ, ಅವಳ ಜೊತೇಲಿ. ಹಂಗಲ್ದೆ ಸುಮ್ನೆ ಎತ್ತಿದ್ರೆ ಮನೇಲಿ ಅನ್ನ ಹುಟ್ಟಲ್ಲ ಸ್ವಾಮಿ."

ಓಣಿಯ ಹೆಂಗಸರು ಯಾರೂ ಅವರನ್ನು ಒತ್ತಾಯ ಮಾಡಲಿಲ್ಲ. ಅವರ ಮನೆಗಳೂ ಆ ಕಲ್ಲಿನಡಿಯೇ ಸಿಕ್ಕಿಕೊಂಡಿದ್ದವು. ಆದರೂ ಚಿನ್ನಮ್ಮನ ಮಾತು ಅವರಿಗೂ ಅಷ್ಟೇ ನಿಜ. ನಾನು ಚಿನ್ನಮ್ಮ ಹೇಳಿದ್ದನ್ನು ಅರುಳಪ್ಪನವರ ಕಿವಿಯಲ್ಲಿ ಕೂಗಿ ಹೇಳಿದೆ. ಅವರು ಮೀಸೆ ನೀವಿಕೊಂಡು, "ಮಗಳು ಇದಾಳಲ್ಲ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಮಾರ್ಕೆಟ್ಟಿನ ತನಕ ಕೇಳುವ ಹಾಗೆ, "ಇವನಿಗೂ ಮದುವೆ ಆಗಿಲ್ಲ. ಅಳತೆ ಅಳತೆ ಅಂತ ದಿನಾ ಇಲ್ಲೇ ಬಿದ್ದಿರ್ತಾನೆ. ನನಗೆ ಕಿವಿ ಇಲ್ಲ, ಕಣ್ಣಿದೆ" ಅಂದರು.

ಭೂಮಿ ಬಾಯಿ ಬಿಟ್ಟಿದ್ದರೆ ನಾನು ಇಳಿದುಬಿಡುತ್ತಿದ್ದೆ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಗತೊಡಗಿದರು. ರಾಜಮ್ಮ ನಗಲಿಲ್ಲ. ಬಾಗಿಲ ಮರೆಯಿಂದ ಮುಂದೆ ಬಂದು ನಿಂತಳು.

"ಪೈಪಿಗೋಸ್ಕರ ನನ್ನನ್ನ ಯಾರಿಗೂ ಕಟ್ಬೇಡಿ. ನಮ್ಮಮ್ಮನಿಗೆ ಕಲ್ಲು ಬೇಕು, ನಿಮಗೆ ಪೈಪು ಬೇಕು, ಸರಿ. ನನಗೇನು ಬೇಕು ಅಂತ ಯಾರು ಕೇಳಿದ್ರಿ?" ಅಂದಳು. ಮತ್ತೆ ನೇರ ನನ್ನನ್ನೇ ನೋಡಿದಳು. "ಇವರಿಗೆ ಕಲ್ಲಿನ ಸದ್ದಿಗೂ ನೀರಿನ ಸದ್ದಿಗೂ ವ್ಯತ್ಯಾಸ ತಿಳೀಲಿಲ್ಲ. ನಾಳೆ ನನ್ನ ಮಾತು ಕೇಳಿಸ್ಕೊಳ್ತಾರಾ?"



"ಕೇಳಿಸ್ಕೊಳ್ತೀನಿ" ಅಂದೆ. "ಕಲ್ಲು ಎತ್ತಲಿ ಬಿಡಲಿ, ನೀನು ಒಲ್ಲೆ ಅಂದ್ರೂ ನಿನ್ನ ಮಾತೇ. ಅದನ್ನೂ ಕೇಳಿಸ್ಕೊಳ್ತೀನಿ."

ಅವಳು ಕೊಡ ಎತ್ತಿಕೊಂಡು ಹೊರಗೆ ಹೋದಳು. ಎರಡು ದಿನ ಬಿಟ್ಟು ನಾನು ಹೋದಾಗ ಕೊಡವನ್ನು ತಾನಾಗಿ ನನ್ನ ಕೈಗೆ ಕೊಟ್ಟು, "ಈ ಸಲ ಚೆಲ್ಬೇಡಿ" ಅಂದಳು. ಚಿನ್ನಮ್ಮ ಒಳಗೆ ಹೋಗಿ ಅಳುತ್ತಲೇ ದೇವರಿಗೆ ದೀಪ ಹಚ್ಚಿದರು. ನಮ್ಮಪ್ಪನನ್ನು ಒಪ್ಪಿಸಲು ಕಷ್ಟವಾಗಲಿಲ್ಲ. ಹುಡುಗಿಯ ಕಡೆಯಿಂದ ಏನು ಕೊಡುತ್ತಾರೆ ಅಂತ ಕೇಳಿದರು, ಒಂದು ಒರಳುಕಲ್ಲು ಅಂದೆ. "ಭಾರವಾಗಿದೆಯಲ್ಲ, ಸಾಕು" ಅಂದರು.

ಮದುವೆ ಓಣಿಯಲ್ಲೇ ನಡೆಯಿತು. ಬುಟ್ಟಿ ಅಂಗಡಿಯವನು ತನ್ನ ಸರಕನ್ನೆಲ್ಲ ರಸ್ತೆಗೆ ಹಾಕಿ ಗಂಡಿನ ಕಡೆಯವರಿಗೆ ನೆಟ್ಟಗೆ ನಡೆದು ಬರಲು ದಾರಿ ಮಾಡಿಕೊಟ್ಟ. ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿ, ಹಾರೆ ಹಾಕಿ ಮೀಟಿ ಮೇಲೆತ್ತಿದರು. ಅದನ್ನು ಎತ್ತಿನಗಾಡಿಯಲ್ಲಿ ಹುಲ್ಲಿನ ಮೇಲೆ ಕೂರಿಸಿ, ಪಕ್ಕದಲ್ಲಿ ಮದುಮಗಳನ್ನು ಕೂರಿಸಿ ಬಾಣಸವಾಡಿಗೆ ಕರೆತಂದೆವು. ಗಾಡಿ ಹಳ್ಳ ಹತ್ತಿ ಇಳಿದಾಗಲೆಲ್ಲ ಅವಳು ಕಲ್ಲನ್ನು ತಬ್ಬಿ ಹಿಡಿದುಕೊಳ್ಳುತ್ತಿದ್ದಳು. ಮಾರನೆಯ ದಿನವೇ ನಾನು ಕೆಲಸಕ್ಕೆ ಹೋದೆ. ಅರಿಶಿನದ ಕಂಕಣ ಕಟ್ಟಿದ ಕೈಯಲ್ಲೇ ಅತ್ತೆಯ ಮನೆಯ ನೆಲ ಅಗೆದು ಸೀಸ ಹೊಯ್ದ ಅಳಿಯ ನಾನೊಬ್ಬನೇ ಇರಬೇಕು. ಹೊಸ ಕಲ್ಲು ಬರುವ ತನಕ ಚಿನ್ನಮ್ಮ ಜೈತೂನ್‌ಬೀಯ ಒರಳಿನಲ್ಲಿ ಹಿಟ್ಟು ರುಬ್ಬಿಕೊಂಡರು.

ದೊರೆ ಬಂದರು. ಎರಡೂ ಕಡೆ ವಾಲ್ವ್ ಮುಚ್ಚಿಸಿ ನಡುವಿನ ಒತ್ತಡ ಇಳಿಯುತ್ತದಾ ಅಂತ ಮೀಟರಿನ ಮುಳ್ಳು ನೋಡಿದರು. ಮುಳ್ಳು ಅಲುಗಲಿಲ್ಲ. ಗಟ್ಟಿ ಅಂದುಕೊಂಡು ಹೋದರು, ಬುಟ್ಟಿಗಳ ಹಿಂದೆ ಏನಿದೆ ಅಂತ ಕೇಳಲೂ ಇಲ್ಲ. ಅದಾದ ಸ್ವಲ್ಪ ಕಾಲಕ್ಕೆ ಅರುಳಪ್ಪನವರು ಓಣಿಯ ತುದಿಗೆ ಒಂದು ಬೀದಿ ನಲ್ಲಿ ಮಂಜೂರು ಮಾಡಿಸಿದರು. ನಲ್ಲಿ ಹಾಕಬೇಕಾದರೆ ಪ್ಲಾನಿನಲ್ಲಿ ಓಣಿ ಇರಬೇಕಲ್ಲ, ಅವರೇ ಪೆನ್ಸಿಲಿನಲ್ಲಿ ಎರಡು ತೆಳು ಗೆರೆ ಎಳೆದರು. ಹೆಸರು ಏನು ಬರೆಯೋಣ ಅಂತ ನಾನು ಕೇಳಿದೆ. "ಬೇಡಪ್ಪಾ, ಹೆಸರು ಬರೆದರೆ ಕಂದಾಯದೋರು ಬರ್ತಾರೆ" ಅಂದರು. ನಲ್ಲಿ ಮೊದಲ ಸಲ ತಿರುಗಿಸಿದಾಗ ಚಿನ್ನಮ್ಮ ಕೊಡ ಹಿಡಿಯುವುದು ಬಿಟ್ಟು ಬೊಗಸೆ ಒಡ್ಡಿ ನಿಂತಿದ್ದರು. ನೀರು ಬೊಗಸೆ ತುಂಬಿ ಕಾಲ ಮೇಲೆ ಸುರಿಯುತ್ತಿತ್ತು.

ಅರುಳಪ್ಪನವರು ನಿವೃತ್ತರಾದ ದಿನ ಕೋಲನ್ನು ನನಗೆ ಕೊಟ್ಟರು. ಅದರ ಬಟ್ಟಲಿನ ಅಂಚಿನಲ್ಲಿ ಅವರ ಹಲ್ಲಿನ ಗುರುತು ಈಗಲೂ ಇದೆ. ಅವರು ಹೋಗಿ ಬಹಳ ಕಾಲವಾಯಿತು. ಚಿನ್ನಮ್ಮನೂ ಇಲ್ಲ. ಓಣಿಯ ಜಾಗದಲ್ಲಿ ಈಗ ಮಹಡಿ ಮನೆಗಳು ಎದ್ದಿವೆ, ಬುಟ್ಟಿ ಅಂಗಡಿಯ ಸಂದಿ ಮಾತ್ರ ಹಾಗೇ ಇದೆಯಂತೆ.

ಕೆಲವು ವರ್ಷಗಳ ಹಿಂದೆ ನನ್ನ ಕಿವಿಯೂ ಹೋಯಿತು. ಮಗ ಕಿವಿಗೆ ಮಿಷಿನ್ ತಂದುಕೊಟ್ಟ. ಅದರಲ್ಲಿ ಎಲ್ಲರ ಮಾತೂ ತಗಡು ಬಡಿದ ಹಾಗೆ ಕೇಳುತ್ತದೆ, ತೆಗೆದಿಟ್ಟಿದ್ದೇನೆ. ಬಸ್ಸಿನ ಸದ್ದು ಕೇಳದಿದ್ದರೆ ನನಗೇನೂ ನಷ್ಟವಿಲ್ಲ. ರಾಜಮ್ಮನ ಮಾತು ಕೇಳದಿರುವುದು ಮಾತ್ರ ಸಂಕಟ. ಅವಳು ಅಡುಗೆಮನೆಯಲ್ಲಿ ಒಬ್ಬಳೇ ಮಾತಾಡಿಕೊಳ್ಳುತ್ತಾಳೆ, ತುಟಿ ಆಡುವುದು ಕಾಣುತ್ತದೆ. ಅವತ್ತು ಓಣಿಯೆಲ್ಲ ಕೇಳುವ ಹಾಗೆ ಮಾತು ಕೊಟ್ಟವನು ನಾನು. ಅವಳು ಅದನ್ನು ಎತ್ತಿ ಆಡುವುದಿಲ್ಲ. ಅದೇ ಇನ್ನೂ ಸಂಕಟ.

ಮನೆಯಲ್ಲಿ ಮಿಕ್ಸಿಯಿದೆ, ಕರೆಂಟಿನ ಗ್ರೈಂಡರೂ ಇದೆ. ಆದರೂ ಹಬ್ಬದ ಹಿಂದಿನ ದಿನ ರಾಜಮ್ಮ ಯಾರ ಮಾತೂ ಕೇಳದೆ ಆ ಕಲ್ಲಿನ ಮುಂದೆ ಕೂತು ಒಂದು ಹಿಡಿ ಬೇಳೆಯಾದರೂ ರುಬ್ಬುತ್ತಾಳೆ. ಈ ಸಲ ಯುಗಾದಿಯ ಹಿಂದಿನ ಮಧ್ಯಾಹ್ನ ನಾನು ನಡುಮನೆಯಲ್ಲಿ ಕೂತು ಅವಳ ಕೈ ತಿರುಗುವುದನ್ನೇ ನೋಡುತ್ತಿದ್ದೆ. ಸದ್ದಿಲ್ಲದೆ ತಿರುಗುವ ಕಲ್ಲು ನೋಡಲು ಬೇಜಾರು. ಏನು ಅನ್ನಿಸಿತೋ, ಎದ್ದು ಅಟ್ಟದ ಮೂಲೆಯಿಂದ ಕೋಲು ಇಳಿಸಿದೆ. ಒರೆಸಿದೆ. ಕಲ್ಲಿನ ಪಕ್ಕ ನೆಲಕ್ಕೆ ಊರಿ, ಅರುಳಪ್ಪನವರ ಹಲ್ಲಿನ ಗುರುತಿನ ಮೇಲೆಯೇ ನನ್ನ ಉಳಿದ ಹಲ್ಲುಗಳನ್ನು ಇಟ್ಟು ಕಣ್ಣು ಮುಚ್ಚಿದೆ.

ಗರ್ರ್ ಅಂತು. ಪ್ರಾಯದಲ್ಲಿ ಕೇಳಿದ್ದ ಅದೇ ದಪ್ಪ ಸದ್ದು, ದವಡೆಯಿಂದ ತಲೆ ತುಂಬ. ತಿರುಗಿತು, ನಿಂತಿತು, ಮತ್ತೆ ತಿರುಗಿತು. ನಿಂತಾಗ ಅವಳು ಕೈಯಲ್ಲಿ ಹಿಟ್ಟು ಒಳಕ್ಕೆ ತಳ್ಳುತ್ತಿದ್ದಾಳೆ ಅಂತಲೂ ತಿಳಿಯಿತು. ನನಗೆ ಅಳು ಬಂತು.

ಸದ್ದು ಪೂರ್ತಿ ನಿಂತುಹೋಯಿತು. ಕಣ್ಣು ಬಿಟ್ಟರೆ ರಾಜಮ್ಮ ಗುಂಡಿನ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು. ತುಟಿ ಆಡಿತು. ಕೇಳಿಸದಿದ್ದರೂ ಆ ಮಾತು ನನಗೆ ಗೊತ್ತು.

"ನೀರು ಸಿಕ್ತಾ?"

ಬಾಯಲ್ಲಿ ಕೋಲಿತ್ತು, ಮಾತಾಡಲು ಆಗಲಿಲ್ಲ. ನಿಲ್ಲಿಸಬೇಡ, ತಿರುಗಿಸು ಅಂತ ಕೈಸನ್ನೆ ಮಾಡಿದೆ.